ಓಸಿ ಕೊಡುವ ಮುನ್ನ ಸಂಪು ನೋಡಿದವರು ಯಾರು?

ಮಲಗುವ ಕೋಣೆಗೆ ಕಿಟಕಿ ಇರಲೇಬೇಕು. ಆ ಕಿಟಕಿ ನೆಲದ ವಿಸ್ತೀರ್ಣದ ಇಂತಿಷ್ಟು ಪಾಲು ಇರಬೇಕು. ಗೋಡೆಗೂ ಕಾಂಪೌಂಡಿಗೂ ನಡುವೆ ಇಷ್ಟು ಜಾಗ ಬಿಡಬೇಕು. ಕಟ್ಟಡ ಬೈಲಾದಲ್ಲಿ ಸಪ್ಪೆಯಾಗಿ ಕಾಣುವ ಇಂಥ ಸಾಲುಗಳನ್ನು ನಮ್ಮ ನಗರಗಳಿಗೆ ಬರೆಸಿದ್ದು ಬಹುಮಟ್ಟಿಗೆ ಸಾಂಕ್ರಾಮಿಕ ರೋಗಗಳೇ. 1896ರಲ್ಲಿ ಮುಂಬಯಿಗೆ ಪ್ಲೇಗ್ ಬಂತು. ಸುಮಾರು ಎರಡು ವರ್ಷದಲ್ಲಿ ಅಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ಬೆಳಕಿನ ಕೋನ 63.5 ಡಿಗ್ರಿ ಇರಬೇಕೆಂಬ ನಿಯಮವನ್ನು ಬಳಕೆಗೆ ತಂದದ್ದು ಆ ಟ್ರಸ್ಟ್. ಬಿಡಿಸಿ ಹೇಳುವುದಾದರೆ, ಕಟ್ಟಡ ಎಷ್ಟು ಎತ್ತರವೋ ಅದರ ಅರ್ಧದಷ್ಟು ಅಗಲದ ಬಯಲು ಪಕ್ಕದಲ್ಲಿರಬೇಕು. ಆಗ ಕೆಳಗಿನ ಮಹಡಿಯವರಿಗೂ ಒಂದು ತುಂಡು ಆಕಾಶ ಸಿಗುತ್ತದೆ. 1898ರ ಆಗಸ್ಟ್‌ನಲ್ಲಿ ಪ್ಲೇಗ್ ಬೆಂಗಳೂರಿಗೂ ಬಂತು. ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರಗೆ ತರುವ ತುರ್ತು ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳನ್ನು ಬೇಗ ಬೆಳೆಸಿತು. ನೇರ ರಸ್ತೆ, ಮನೆಯ ಸುತ್ತ ಗಾಳಿಯಾಡುವ ಜಾಗ, ಹಿಂಬದಿಯಲ್ಲಿ ಕಕ್ಕಸು ಬಳಿಯುವವರು ಬಂದುಹೋಗಲು ಕನ್ಸರ್ವೆನ್ಸಿ ಗಲ್ಲಿ. ಆ ಗಲ್ಲಿಗಳ ಜಾತಿಲೆಕ್ಕ ಬೇರೆಯೇ ಕಥೆ. ಆದರೂ ಮನೆ ಕಟ್ಟುವ ನಿಯಮವೆಂದರೆ ಮೊದಲಿಗೆ ಆರೋಗ್ಯದ ನಿಯಮ ಎನ್ನುವುದರಲ್ಲಿ ಅಂದಿನವರಿಗೆ ಅನುಮಾನವಿರಲಿಲ್ಲ.

ಇಂದು ಬೆಂಗಳೂರಿನಲ್ಲಿ ಒಂದು ದೊಡ್ಡ ಅಪಾರ್ಟ್‌ಮೆಂಟ್ ಕಟ್ಟಬೇಕೆಂದರೆ ನಕ್ಷೆ ಮಂಜೂರಾತಿ, ಅಗ್ನಿಶಾಮಕ ಇಲಾಖೆಯ ಎನ್‌ಒಸಿ, ಜಲಮಂಡಳಿಯದ್ದೊಂದು, ವಿದ್ಯುತ್ ಕಂಪನಿಯದ್ದೊಂದು, ವಿಮಾನ ನಿಲ್ದಾಣ ಪ್ರಾಧಿಕಾರದ್ದೊಂದು, ಮಾಲಿನ್ಯ ನಿಯಂತ್ರಣ ಮಂಡಳಿಯ ಸ್ಥಾಪನಾ ಸಮ್ಮತಿ, ಅಳತೆ ದೊಡ್ಡದಾದರೆ ಪರಿಸರ ಅನುಮತಿ ಎಲ್ಲ ಬೇಕು. ಕಡತ ಮೊಣಕಾಲೆತ್ತರ ಬೆಳೆಯುತ್ತದೆ. ಇಷ್ಟಾದರೂ ಅದರಲ್ಲಿ ಆರೋಗ್ಯಾಧಿಕಾರಿಗೆ ಗಟ್ಟಿಯಾದ ಜಾಗವಿಲ್ಲ. ಡೆಂಗಿ ಬಂದ ಮೇಲೆ, ಸಂಪಿನ ನೀರಿಗೆ ಚರಂಡಿ ಸೇರಿ ಹತ್ತಾರು ಮನೆಗಳಲ್ಲಿ ವಾಂತಿಭೇದಿ ಆದ ಮೇಲೆ ಅವರಿಗೆ ಕರೆ ಹೋಗುತ್ತದೆ. ಕಟ್ಟಡದ ಪರಿಸರ ನಿಯಮಗಳನ್ನು ಒಟ್ಟಿಗೆ ಹರಡಿಕೊಂಡು ನೋಡಿದರೆ ನನಗೆ ಕಾಣುವ ಮುಖ್ಯ ಕೊರತೆ ಇದು: ನಮ್ಮಲ್ಲಿ ನಿಯಮಗಳು ಕಮ್ಮಿ ಇಲ್ಲ, ಆದರೆ ಅವು ಬಹುಮಟ್ಟಿಗೆ ಕಟ್ಟುವುದಕ್ಕೆ ಮೊದಲಿನ ಕಾಗದವನ್ನು ಪರೀಕ್ಷಿಸುತ್ತವೆ. ಹಾನಿ ಆಗುವುದು ಕಟ್ಟುವಾಗ ಮತ್ತು ಕಟ್ಟಿ ಮುಗಿದ ಮೇಲೆ. ಆ ಎರಡೂ ಕಾಲದಲ್ಲಿ ನಿವೇಶನದ ಮೇಲೆ ನಿಂತು ಉತ್ತರ ಹೇಳಬೇಕಾದ ಮನುಷ್ಯ ಇಲ್ಲ.

ಪರಿಸರ ಅನುಮತಿಯಿಂದ ಶುರು ಮಾಡೋಣ, ಸದ್ದು ಹೆಚ್ಚಿರುವುದು ಅಲ್ಲೇ. 1994ರ ಮೊದಲ ಪರಿಸರ ಪರಿಣಾಮ ಅಧಿಸೂಚನೆಯಲ್ಲಿ ಕಟ್ಟಡಗಳ ಮಾತೇ ಇರಲಿಲ್ಲ. ಅಣೆಕಟ್ಟು, ಗಣಿ, ಕಾರ್ಖಾನೆ ಮುಂತಾದವಷ್ಟೇ. 2004ರ ಜುಲೈ ತಿದ್ದುಪಡಿಯಲ್ಲಿ ಕಟ್ಟಡಗಳು ಸೇರಿದವು. ಆಗಿನ ಅಳತೆಗೋಲು ಕುತೂಹಲಕರ: ಸಾವಿರಕ್ಕಿಂತ ಹೆಚ್ಚು ಜನ ಇರುವಂಥದ್ದು, ಅಥವಾ ದಿನಕ್ಕೆ 50,000 ಲೀಟರಿಗಿಂತ ಹೆಚ್ಚು ಕೊಳಚೆ ನೀರು ಬಿಡುವಂಥದ್ದು, ಅಥವಾ 50 ಕೋಟಿ ರೂಪಾಯಿಗಿಂತ ಹೆಚ್ಚು ಬಂಡವಾಳದ್ದು. ಜನ ಎಷ್ಟು, ಅವರು ಬಿಡುವ ಕೊಳಚೆ ಎಷ್ಟು ಎಂದು ಕೇಳುತ್ತಿದ್ದ ಆ ಅಳತೆ ಎರಡೇ ವರ್ಷ ಉಳಿಯಿತು. 2006ರ ಸೆಪ್ಟೆಂಬರ್ 14ರ ಅಧಿಸೂಚನೆ ಎಲ್ಲವನ್ನೂ ಚದರ ಮೀಟರಿಗೆ ಇಳಿಸಿತು. 20,000 ಚದರ ಮೀಟರಿನಿಂದ 1,50,000ದವರೆಗಿನ ಕಟ್ಟಡ ಒಂದು ವರ್ಗ. ಅದಕ್ಕಿಂತ ದೊಡ್ಡದು ಅಥವಾ 50 ಹೆಕ್ಟೇರಿಗೆ ಮೀರಿದ ಬಡಾವಣೆ ಇನ್ನೊಂದು ವರ್ಗ. ಮೊದಲ ವರ್ಗಕ್ಕೆ ಪೂರ್ಣ ಪರಿಣಾಮ ವರದಿಯೂ ಬೇಡ, ಸಾರ್ವಜನಿಕ ಅಹವಾಲೂ ಬೇಡ. ನಮೂನೆ ತುಂಬಿ ಪರಿಕಲ್ಪನಾ ನಕ್ಷೆ ಕೊಟ್ಟರೆ ರಾಜ್ಯದ ತಜ್ಞರ ಸಮಿತಿ ಪರಿಶೀಲಿಸುತ್ತದೆ. ಮೂರು ವರ್ಷ ಧೂಳು ಕುಡಿಯಬೇಕಾದ ಪಕ್ಕದ ಬೀದಿಯವರನ್ನು ಯಾರೂ ಮಾತನಾಡಿಸುವುದಿಲ್ಲ.

ಚದರ ಮೀಟರಿನ ಗೆರೆ ಎಳೆದಲ್ಲಿ ಗೆರೆಯ ಕೆಳಗೆ ನುಸುಳುವವರು ಇದ್ದೇ ಇರುತ್ತಾರೆ. ಬೇಸ್‌ಮೆಂಟ್, ಪಾರ್ಕಿಂಗ್ ಲೆಕ್ಕಕ್ಕೆ ಬರುವುದಿಲ್ಲ ಎಂಬ ವಾದ ವರ್ಷಗಟ್ಟಲೆ ನಡೆಯಿತು. 2011ರ ಏಪ್ರಿಲ್ ತಿದ್ದುಪಡಿ, ನೆಲಮಾಳಿಗೆಯೂ ಸೇರಿ ಚಾವಣಿ ಮುಚ್ಚಿದ ಎಲ್ಲ ಜಾಗವೂ ಲೆಕ್ಕಕ್ಕೆ ಬರುತ್ತದೆ ಎಂದು ಬರೆಯಬೇಕಾಯಿತು. ಆಮೇಲೆ ಇನ್ನೊಂದು ದಿಕ್ಕಿನ ಒತ್ತಡ. 2016ರ ಡಿಸೆಂಬರ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ, ಪರಿಸರ ಷರತ್ತುಗಳನ್ನು ಕಟ್ಟಡ ಬೈಲಾದೊಳಗೇ ಸೇರಿಸಿ ಸ್ಥಳೀಯ ಸಂಸ್ಥೆಗಳ ಕೈಗೆ ಕೊಡಲು ಹೊರಟಿತು. ಒಂದು ವರ್ಷದ ನಂತರ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಅದರ ತಿರುಳನ್ನೇ ತೆಗೆದುಹಾಕಿತು. 2018ರ ನವೆಂಬರ್‌ನಲ್ಲಿ ಅದೇ ಯತ್ನ ಬೇರೆ ಅಂಗಿ ತೊಟ್ಟು ಬಂತು, ದೆಹಲಿ ಹೈಕೋರ್ಟ್ ತಡೆಯಿತು. 2025ರ ಜನವರಿಯಲ್ಲಿ ಶಾಲೆ, ಕಾಲೇಜು, ಹಾಸ್ಟೆಲು, ಕೈಗಾರಿಕಾ ಶೆಡ್ಡುಗಳಿಗೆ ವಿನಾಯಿತಿ ಕೊಡಲಾಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಆ ವಿನಾಯಿತಿಯನ್ನು ರದ್ದು ಮಾಡಿತು. ಮೊದಲು ಕಟ್ಟಿಬಿಡುವುದು, ಆಮೇಲೆ ಅನುಮತಿ ಕೇಳುವುದು ಎಂಬ ಪದ್ಧತಿಯನ್ನು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಕಾನೂನುಬಾಹಿರ ಎಂದಿತು. ನವೆಂಬರ್‌ನಲ್ಲಿ ಎರಡು-ಒಂದರ ಬಹುಮತದಿಂದ ಆ ತೀರ್ಪನ್ನೇ ಹಿಂದಕ್ಕೆ ಪಡೆಯಿತು. ಬಿಲ್ಡರುಗಳ ವಕೀಲರಿಗೆ ಈ ಹಾವು-ಏಣಿ ಆಟ ಬಾಯಿಪಾಠ.

ಈ ಹಗ್ಗಜಗ್ಗಾಟದಲ್ಲಿ ಪರಿಸರವಾದಿಗಳ ಪಕ್ಷವೇ ಸರಿ ಎಂದು ನಾನೂ ನಂಬುತ್ತೇನೆ. ಆದರೆ ಜಗಳವೆಲ್ಲ ಅನುಮತಿ ಯಾರು ಕೊಡಬೇಕು ಎನ್ನುವುದರ ಸುತ್ತ ಸುತ್ತುತ್ತಿದೆ. ಅನುಮತಿ ಪತ್ರದ ಹಿಂದೆ ಪುಟಗಟ್ಟಲೆ ಷರತ್ತುಗಳಿರುತ್ತವೆ. ಅವುಗಳ ಪಾಲನಾ ವರದಿಯನ್ನು ವರ್ಷಕ್ಕೆ ಎರಡು ಸಲ, ಜೂನ್ 1 ಮತ್ತು ಡಿಸೆಂಬರ್ 1ಕ್ಕೆ, ಕೊಡಬೇಕು. ಆ ವರದಿಯನ್ನು ಬರೆಯುವವರು ಬಿಲ್ಡರೇ. ಅನುಮತಿ ನೀಡಿದ ನಂತರದ ಮೇಲ್ವಿಚಾರಣೆ ಎಷ್ಟು ಸಡಿಲ ಎಂಬುದನ್ನು 2016ರಷ್ಟು ಹಿಂದೆಯೇ ಮಹಾಲೇಖಪಾಲರ ವರದಿ ತೋರಿಸಿತ್ತು. ತಪ್ಪಿದವರಿಗೆ ಪರಿಸರ ಸಂರಕ್ಷಣಾ ಕಾಯ್ದೆಯಡಿ ಐದು ವರ್ಷದವರೆಗೆ ಜೈಲು ಎಂದಿತ್ತು. ಜನ ವಿಶ್ವಾಸ ಕಾಯ್ದೆ ಬಂದ ಮೇಲೆ ಅದು 10,000ದಿಂದ 15 ಲಕ್ಷ ರೂಪಾಯಿವರೆಗಿನ ದಂಡವಾಗಿದೆ. ನೂರಾರು ಕೋಟಿಯ ಯೋಜನೆಗೆ 15 ಲಕ್ಷವೆಂದರೆ ಲಾಬಿಗೆ ಹಾಸುವ ಇಟಾಲಿಯನ್ ಮಾರ್ಬಲ್‌ನ ಖರ್ಚೂ ಅಲ್ಲ.

ಕೆರೆ ಮತ್ತು ರಾಜಕಾಲುವೆಗಳ ಮೀಸಲು ಅಂತರದ ಕಥೆ ಬೆಂಗಳೂರಿಗರಿಗೆ ಗೊತ್ತಿರುವುದೇ. ಕೆರೆಯಂಚಿನಿಂದ 75 ಮೀಟರ್ ಬಿಡಬೇಕೆಂದು 2016ರ ಮೇ ತಿಂಗಳಲ್ಲಿ ಹಸಿರು ನ್ಯಾಯಮಂಡಳಿ ಹೇಳಿತು, 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬದಿಗಿಟ್ಟಿತು, ಮಾಸ್ಟರ್ ಪ್ಲಾನಿನ 30 ಮೀಟರೇ ಮತ್ತೆ ನಿಂತಿತು. ಇದನ್ನು ನಾವು ಕೆರೆ ಉಳಿಸುವ ಮಾತಾಗಿ ಮಾತ್ರ ಕೇಳಿದ್ದೇವೆ. 2022ರ ಸೆಪ್ಟೆಂಬರ್ ಪ್ರವಾಹದಲ್ಲಿ ಯಮಲೂರು, ಸರ್ಜಾಪುರ ರಸ್ತೆಯ ಕಡೆ ಕೋಟಿ ಬೆಲೆಯ ವಿಲ್ಲಾಗಳಿಗೆ ನುಗ್ಗಿದ್ದು ಬರೀ ಮಳೆನೀರಲ್ಲ, ರಾಜಕಾಲುವೆಯ ಕೊಳಚೆ. ಬೇಸ್‌ಮೆಂಟ್ ತುಂಬಿ ಸಂಪಿಗೂ ಇಳಿಯಿತು. ಮೀಸಲು ಅಂತರ ಕುಡಿಯುವ ನೀರಿನ ಪ್ರಶ್ನೆಯೂ ಹೌದು.

ಇನ್ನು ನಿವೇಶನಕ್ಕೆ ಬರೋಣ. ಕಟ್ಟುವ ಕಾಲದ ನಿಯಮಗಳನ್ನು ಓದಿದರೆ ನಮ್ಮ ದೇಶ ಸ್ವಿಟ್ಜರ್ಲೆಂಡ್ ಎನಿಸುತ್ತದೆ. 2018ರ ಜನವರಿ 25ರ ಧೂಳು ನಿಯಂತ್ರಣ ನಿಯಮಗಳ ಪ್ರಕಾರ ಅಗೆದ ಮಣ್ಣನ್ನು, ಮರಳನ್ನು ಮುಚ್ಚದೆ ಇಡುವಂತಿಲ್ಲ, ಸುತ್ತ ತಕ್ಕ ಎತ್ತರದ ಗಾಳಿತಡೆ ಇರಬೇಕು, ನೀರು ಚಿಮುಕಿಸಬೇಕು, ತೆರೆದ ಜಾಗದಲ್ಲಿ ಕಲ್ಲು ಕತ್ತರಿಸುವುದು, ತಿಕ್ಕುವುದು ನಿಷಿದ್ಧ, ಯಾವ ಕ್ರಮ ಕೈಗೊಂಡಿದ್ದೇವೆಂದು ಎಲ್ಲರಿಗೂ ಕಾಣುವಂತೆ ಬೋರ್ಡ್ ಹಾಕಬೇಕು. ಶಬ್ದದ ನಿಯಮಗಳಿಗೆ 2010ರಲ್ಲಿ ಸೇರಿಸಿದ ಸಾಲಿನಂತೆ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಗಿನ 6ರವರೆಗೆ ಸದ್ದು ಮಾಡುವ ಕಟ್ಟಡ ಯಂತ್ರಗಳನ್ನು ನಡೆಸುವಂತಿಲ್ಲ. ರಾತ್ರಿ ಎರಡು ಗಂಟೆಗೆ ಕಾಂಕ್ರೀಟ್ ಪಂಪ್ ಕೂಗುವುದನ್ನು ಕೇಳುತ್ತ ಮಲಗಿದವರಿಗೆ ಈ ಸಾಲು ಇದೆಯೆಂದು ತಿಳಿದರೆ ನಗು ಬರಬಹುದು. ಹಗಲು ನಗರದೊಳಗೆ ಭಾರಿ ಲಾರಿ ಬಿಡುವುದಿಲ್ಲ, ಹಾಗಾಗಿ ಮಿಕ್ಸರ್ ಲಾರಿ ರಾತ್ರಿಯೇ ಬರುತ್ತದೆ. ಟ್ರಾಫಿಕ್ ಪೊಲೀಸರ ನಿಯಮವೂ ಶಬ್ದದ ನಿಯಮವೂ ಒಂದನ್ನೊಂದು ನೋಡಿಯೇ ಇಲ್ಲ.

ಕಲ್ಲಿನ ಧೂಳಿನ ವಿಷಯ ತಮಾಷೆಯದ್ದಲ್ಲ. ಗ್ರಾನೈಟ್ ಚಪ್ಪಡಿಯನ್ನು ಗ್ರೈಂಡರಿನಲ್ಲಿ ಒಣಗೊಯ್ಯುವಾಗ ಏಳುವ ಬಿಳಿ ಮೋಡದಲ್ಲಿ ಸಿಲಿಕಾ ಇರುತ್ತದೆ. ಅದು ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲೇ ಮೊದಲ ಗುಂಪಿಗೆ ಸೇರಿಸಿದೆ. ಉಸಿರಲ್ಲಿ ಹೋದ ಸಿಲಿಕಾ ಶ್ವಾಸಕೋಶವನ್ನು ಗಟ್ಟಿ ಮಾಡುತ್ತದೆ, ಅದನ್ನು ಮತ್ತೆ ಮೆತ್ತಗೆ ಮಾಡುವ ಔಷಧಿ ಇಲ್ಲ. ಕೆಮ್ಮು, ಸೊರಗು, ಎಕ್ಸ್‌ರೇಯಲ್ಲಿ ಮಸುಕು ಎಂದ ಕೂಡಲೇ ಕ್ಷಯವೆಂದು ಚಿಕಿತ್ಸೆ ಶುರುವಾಗುವುದೂ ಉಂಟು. ಬ್ಲೇಡಿನ ಮೇಲೆ ಸಣ್ಣ ಪೈಪಿನಲ್ಲಿ ನೀರು ಬಿಟ್ಟರೆ ಧೂಳು ಬಹುಪಾಲು ಕೂತುಬಿಡುತ್ತದೆ. ಬೇಕಾಗುವುದು ಒಂದು ಪೈಪು, ಒಂದು ಬಕೆಟ್ಟು, ಮತ್ತು ನೀರು ಬಿಡು ಎಂದು ಹೇಳುವ ಒಬ್ಬರು. ಹೇಳುವವರೇ ಇಲ್ಲ, ಏಕೆಂದರೆ ಕಲ್ಲು ಹಾಸುವ ತಂಡ ಚದರಡಿಗೆ ಇಷ್ಟು ಎಂಬ ಲೆಕ್ಕದಲ್ಲಿ ಬರುವ ಮೂರನೆಯ ಕೈ ಗುತ್ತಿಗೆ.

ಸೊಳ್ಳೆಯ ವಿಷಯದಲ್ಲಿ ಮಾತ್ರ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ಕಟ್ಟಡದ ನಿಯಮವೂ ರೋಗದ ನಿಯಮವೂ ಇಲ್ಲಿ ನೇರವಾಗಿ ಡಿಕ್ಕಿ ಹೊಡೆಯುತ್ತವೆ. ಕಾಂಕ್ರೀಟಿಗೆ ಕ್ಯೂರಿಂಗ್ ಬೇಕು. ಭಾರತೀಯ ಮಾನಕ 456ರ ಪ್ರಕಾರ ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ, ಹಾರುಬೂದಿ ಬೆರೆಸಿದಂಥ ಸಿಮೆಂಟಿಗೆ ಕನಿಷ್ಠ 10 ದಿನ ಒದ್ದೆಯಾಗಿಡಬೇಕು. ನಮ್ಮ ಮೇಸ್ತ್ರಿಗಳು ಮಾಡುವುದು ಹೀಗೆ: ತಾರಸಿಯ ಮೇಲೆ ಗಾರೆಯಿಂದ ಸಣ್ಣ ಸಣ್ಣ ಪಾತಿ ಕಟ್ಟಿ ನೀರು ನಿಲ್ಲಿಸುತ್ತಾರೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಯ ಮೊಟ್ಟೆ ಲಾರ್ವಾ ಆಗಿ, ರೆಕ್ಕೆ ಬಂದು ಹಾರಲು ನಮ್ಮ ಹವೆಯಲ್ಲಿ ಬೇಕಾಗುವುದೂ ಹೆಚ್ಚುಕಮ್ಮಿ ವಾರದಿಂದ ಹತ್ತು ದಿನ. ಅಂದರೆ ಎಂಜಿನಿಯರ್ ಪುಸ್ತಕ ನೋಡಿಯೇ ಸರಿಯಾಗಿ ಕ್ಯೂರಿಂಗ್ ಮಾಡಿಸಿದರೆ ಒಂದು ತಲೆಮಾರು ಸೊಳ್ಳೆಯೂ ಸರಿಯಾಗಿ ಬೆಳೆದು ಹಾರಿಹೋಗುತ್ತದೆ. ಇದಕ್ಕೆ ಪರಿಹಾರ ಇಲ್ಲದಿಲ್ಲ. ಒದ್ದೆ ಗೋಣಿ ಹೊದಿಸಬಹುದು, ಮೇಲೆ ಬಳಿಯುವ ಕ್ಯೂರಿಂಗ್ ಕಾಂಪೌಂಡ್ ಇದೆ, ಪಾತಿಯೇ ಬೇಕೆಂದರೆ ಐದಾರು ದಿನಕ್ಕೊಮ್ಮೆ ಪೂರ್ತಿ ಬಸಿದು ಮತ್ತೆ ತುಂಬಬಹುದು. ಆದರೆ ನಕ್ಷೆ ಮಂಜೂರು ಮಾಡುವವರು ಕ್ಯೂರಿಂಗ್ ಕೇಳುವುದಿಲ್ಲ, ಕ್ಯೂರಿಂಗ್ ಮಾಡಿಸುವವರು ಸೊಳ್ಳೆ ಕೇಳುವುದಿಲ್ಲ. ಲಿಫ್ಟ್ ಗುಂಡಿ, ಅರ್ಧ ಕಟ್ಟಿದ ಸಂಪು, ಕೆಲಸ ನಿಂತ ಬೇಸ್‌ಮೆಂಟ್ ಇವು ಬೇರೆ.

ಈ ಪಾಠವನ್ನು ದುಬಾರಿ ಬೆಲೆ ಕೊಟ್ಟು ಕಲಿತ ಊರು ಮಂಗಳೂರು. 1990ರ ದಶಕದಲ್ಲಿ ಕಟ್ಟಡ ಕೆಲಸ ಏರುತ್ತಿದ್ದಂತೆ ಅಲ್ಲಿ ಮಲೇರಿಯವೂ ಏರಿತು. ಅದನ್ನು ಹರಡಿದ್ದು ಹಳ್ಳಿಗಾಡಿನ ಕೊಳ-ತೋಡುಗಳ ಸೊಳ್ಳೆಯಲ್ಲ. ಬಾವಿ, ತಾರಸಿ ಟ್ಯಾಂಕ್, ಕಟ್ಟಡದ ನಿಂತ ನೀರಿನಲ್ಲಿ ಬೆಳೆಯುವ ಅನಾಫಿಲಿಸ್ ಸ್ಟೀಫೆನ್ಸಿ. ಹೊರ ಊರುಗಳಿಂದ ಬಂದ ಕೂಲಿಕಾರರು ಶೆಡ್ಡಿನಲ್ಲಿ ಸೊಳ್ಳೆಪರದೆಯಿಲ್ಲದೆ ಮಲಗಿದಲ್ಲಿ, ಅದೇ ನಿವೇಶನದಲ್ಲಿ ಸೊಳ್ಳೆಯೂ ಇತ್ತು, ರೋಗಾಣುವೂ ಇತ್ತು. ಎರಡಕ್ಕೂ ನಡುವಿನ ದೂರ ಹತ್ತು ಹೆಜ್ಜೆ. 2015ರಿಂದ ಆರೋಗ್ಯ ಕಾರ್ಯಕರ್ತರ ಕೈಗೆ ಟ್ಯಾಬ್ ಕೊಟ್ಟು, ಒಂದೊಂದು ಪ್ರಕರಣ ವರದಿಯಾದ ಕೂಡಲೇ ಆ ಮನೆ, ಆ ನಿವೇಶನಕ್ಕೆ ಹೋಗಿ ಸುತ್ತಲಿನ ನೀರು ಹುಡುಕುವ ವ್ಯವಸ್ಥೆ ಬಂತು; ನಂತರದ ವರ್ಷಗಳಲ್ಲಿ ಪ್ರಕರಣಗಳು ಗಣನೀಯವಾಗಿ ಇಳಿದವು. ಮನುಷ್ಯ ನಿವೇಶನಕ್ಕೆ ಕಾಲಿಟ್ಟರೆ ಏನಾಗುತ್ತದೆ ಎಂಬುದಕ್ಕೆ ರಾಜ್ಯದೊಳಗೇ ಸಿಗುವ ಉದಾಹರಣೆ ಇದು.

2024ರ ಡೆಂಗಿ ಹಾವಳಿಯ ನಂತರ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡ ಗೊತ್ತುಮಾಡಿತು. ನಗರ ಪ್ರದೇಶದಲ್ಲಿ ಮನೆಗೆ 400 ರೂಪಾಯಿ, ವಾಣಿಜ್ಯ ಸಂಸ್ಥೆಗೆ 1,000, ಕಟ್ಟಡ ನಿವೇಶನಕ್ಕೆ 2,000. ಅಜ್ಜಿಯ ತುಳಸಿಕುಂಡದ ತಟ್ಟೆಗೆ 400, ಇಪ್ಪತ್ತು ಮಹಡಿಯ ನಿವೇಶನಕ್ಕೆ 2,000! ಕೆಲಸ ನಿಲ್ಲಿಸುವ ಅಧಿಕಾರವನ್ನು ಆರೋಗ್ಯ ನಿರೀಕ್ಷಕರಿಗೆ ಕೊಡದೆ ರಸೀದಿ ಪುಸ್ತಕವನ್ನಷ್ಟೇ ಕೊಟ್ಟರೆ ಇದಕ್ಕಿಂತ ಹೆಚ್ಚು ನಿರೀಕ್ಷಿಸಲಾಗದು.

ನಿವೇಶನದಲ್ಲಿ ಎಲ್ಲರಿಗಿಂತ ಮೊದಲು ವಾಸ ಮಾಡುವವರು ಕಟ್ಟುವವರೇ. ರಾಯಚೂರು, ಯಾದಗಿರಿ, ಕಲಬುರಗಿಯಿಂದ ಸಂಸಾರ ಸಮೇತ ಬಂದವರು, ಬಿಹಾರ, ಬಂಗಾಳ, ಒಡಿಶಾದಿಂದ ಒಬ್ಬೊಬ್ಬರೇ ಬಂದವರು, ತಗಡಿನ ಶೆಡ್ಡು, ನೀಲಿ ಟಾರ್ಪಾಲು. 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಅವರಿಗೆ ಕುಡಿಯುವ ನೀರು, ಕಕ್ಕಸು, ಅಡುಗೆ ಮತ್ತು ಸ್ನಾನಕ್ಕೆ ಪ್ರತ್ಯೇಕ ಜಾಗವಿರುವ ಉಚಿತ ವಸತಿ, ಐವತ್ತಕ್ಕಿಂತ ಹೆಚ್ಚು ಹೆಣ್ಣಾಳುಗಳಿದ್ದರೆ ಶಿಶುಪಾಲನಾ ಕೇಂದ್ರ ಎಲ್ಲವನ್ನೂ ಬರೆದಿಟ್ಟಿತ್ತು. ಆದರೆ ಹತ್ತು ಕೆಲಸಗಾರರಿಗಿಂತ ಕಮ್ಮಿ ಇದ್ದಲ್ಲಿ ಅದು ಅನ್ವಯಿಸುತ್ತಿರಲಿಲ್ಲ. ಸ್ವಂತಕ್ಕೆಂದು 10 ಲಕ್ಷದೊಳಗೆ ಕಟ್ಟುವ ಮನೆಗೂ ಅನ್ವಯಿಸುತ್ತಿರಲಿಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತಾ ಸಂಹಿತೆ ಈ 10 ಲಕ್ಷವನ್ನು 50 ಲಕ್ಷಕ್ಕೆ ಏರಿಸಿದೆ. ಬೆಲೆ ಏರಿದೆ ಎಂಬುದು ನಿಜ. ಆದರೆ ನಮ್ಮ ನಗರಗಳಲ್ಲಿ ದಿನವೂ ಏಳುವ ಕಟ್ಟಡಗಳಲ್ಲಿ ಬಹುಪಾಲು 30x40 ನಿವೇಶನದ ಮನೆಗಳು, ಅಲ್ಲಿ ಗುತ್ತಿಗೆ ತುಂಡುತುಂಡು: ಸೆಂಟ್ರಿಂಗ್‌ನವರು ಬೇರೆ, ಗಾರೆಯವರು ಬೇರೆ, ಟೈಲ್ಸ್‌ನವರು ಬೇರೆ. ಯಾರ ಲೆಕ್ಕದಲ್ಲೂ ಹತ್ತು ಜನ ತುಂಬುವುದಿಲ್ಲ.

ಕಟ್ಟಿ ಮುಗಿದ ಮೇಲಿನ ಕಥೆಯಲ್ಲಿ ಕೆಲವು ಸಂಗತಿಗಳು ಸದ್ದಿಲ್ಲದೆ ಸುಧಾರಿಸಿವೆ ಎಂದೂ ಹೇಳಬೇಕು. ಮನೆಗೆ ಬಳಿಯುವ ಪೇಂಟಿನಲ್ಲಿ ಸೀಸ ದಶಲಕ್ಷಕ್ಕೆ 90 ಪಾಲಿಗಿಂತ ಹೆಚ್ಚಿರಬಾರದೆಂಬ 2016ರ ನಿಯಮ 2017ರ ನವೆಂಬರ್‌ನಿಂದ ಜಾರಿಯಲ್ಲಿದೆ. ಅದು ಫಲ ಕೊಡಲು ಸಾಧ್ಯವಿರುವುದು ಕಾರ್ಖಾನೆಯಲ್ಲೇ ತಪಾಸಣೆ ಮಾಡಬಹುದು ಎನ್ನುವ ಕಾರಣಕ್ಕೆ, ಮನೆ ಮನೆಗೆ ಹೋಗಬೇಕಿಲ್ಲ. ಅದೇ ತರ್ಕದಲ್ಲಿ ಕಲ್ನಾರು ಶೀಟನ್ನೂ ನಿಲ್ಲಿಸಬಹುದಿತ್ತು. ಅದರ ಗಣಿಗಾರಿಕೆ ನಮ್ಮಲ್ಲಿ ನಿಂತಿದೆ, ಆಮದಾದ ನಾರಿನಿಂದ ಶೀಟು ಮಾಡುವುದು ನಡೆದಿದೆ. ಕಲ್ನಾರು ಕ್ಯಾನ್ಸರ್ ತರುವುದರಲ್ಲಿ ವೈದ್ಯಲೋಕಕ್ಕೆ ಸಂದೇಹವಿಲ್ಲ. ಶೀಟಿಗೆ ತೂತು ಕೊರೆಯುವ ಹುಡುಗನಿಗೆ ಅದನ್ನು ಯಾರೂ ಹೇಳಿಲ್ಲ.

ಅಪಾರ್ಟ್‌ಮೆಂಟುಗಳ ಕೊಳಚೆ ಶುದ್ಧೀಕರಣ ಘಟಕ, ಜನರ ಬಾಯಲ್ಲಿ ಎಸ್‌ಟಿಪಿ, ಒಳ್ಳೆಯ ಉದ್ದೇಶ ಹೇಗೆ ಹಳಸಬಹುದು ಎಂಬುದಕ್ಕೆ ಉದಾಹರಣೆ. ಬೆಳ್ಳಂದೂರು ಕೆರೆಯಲ್ಲಿ ನೊರೆ ಎದ್ದು, ಬೆಂಕಿಯೂ ಹೊತ್ತಿಕೊಂಡ ವರ್ಷಗಳಲ್ಲಿ ಸರ್ಕಾರದ ಕಣ್ಣು ಅಪಾರ್ಟ್‌ಮೆಂಟುಗಳ ಮೇಲೆ ಬಿತ್ತು. ಎಷ್ಟು ಮನೆಗಳಿದ್ದರೆ ಘಟಕ ಕಡ್ಡಾಯ ಎಂಬ ಮಿತಿ ಹಲವು ಸಲ ಬದಲಾಯಿತು. ಶುದ್ಧೀಕರಿಸಿದ ನೀರು ಒಂದು ಹನಿಯೂ ಹೊರಗೆ ಹೋಗಬಾರದು ಎಂಬ ಷರತ್ತು ಬೇರೆ. ಕಕ್ಕಸಿಗೆ, ಗಿಡಕ್ಕೆ ಎಷ್ಟು ಬಳಸಿದರೂ ಒಂದು ಪಾಲು ನೀರು ಉಳಿದೇ ಉಳಿಯುತ್ತದೆ. ಅದು ಕತ್ತಲಾದ ಮೇಲೆ ರಾಜಕಾಲುವೆಗೆ ಇಳಿಯುತ್ತಿತ್ತು. ಹೆಚ್ಚುವರಿ ನೀರಿನ ಅರ್ಧವನ್ನು ಕಟ್ಟಡ ಕೆಲಸ ಮುಂತಾದವಕ್ಕೆ ಮಾರಬಹುದೆಂದು ಒಪ್ಪಲು 2024ರ ಬರ ಬರಬೇಕಾಯಿತು. ಕಾವೇರಿ ನೀರನ್ನು ಕಟ್ಟಡಕ್ಕೆ ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಹೇಳಿದ್ದೂ ಆಗಲೇ.

ಘಟಕವನ್ನು ಎಲ್ಲಿ ಇಡುತ್ತಾರೆ ನೋಡಿ. ಮಾರಲಾಗದ ಜಾಗದಲ್ಲಿ, ಬೇಸ್‌ಮೆಂಟಿನ ಮೂಲೆಯಲ್ಲಿ, ಗಾಳಿ ಓಡಾಡದ ಕಡೆ. ಕೊಳೆತ ಕೆಸರಿನಿಂದ ಹೊರಡುವ ಹೈಡ್ರೋಜನ್ ಸಲ್ಫೈಡ್ ಮೊದಲು ಮೂಗಿನ ಗ್ರಹಿಕೆಯನ್ನೇ ಕೊಲ್ಲುತ್ತದೆ, ಆಮೇಲೆ ಮನುಷ್ಯನನ್ನು. 2018ರ ಜನವರಿಯಲ್ಲಿ ಬೆಂಗಳೂರಿನ ಸೋಮಸುಂದರಪಾಳ್ಯದ ಅಪಾರ್ಟ್‌ಮೆಂಟ್ ಒಂದರ ಘಟಕಕ್ಕೆ ಸ್ವಚ್ಛತೆಗಾಗಿ ಇಳಿದ ಮೂವರು ಸತ್ತರು. ಮನುಷ್ಯರನ್ನು ಮಲಗುಂಡಿಗೆ ಇಳಿಸುವುದನ್ನು ನಿಷೇಧಿಸಿದ ಕಾಯ್ದೆಗೆ ಆಗಲೇ ನಾಲ್ಕು ವರ್ಷ ತುಂಬಿತ್ತು. ಮಾಲಿನ್ಯ ಮಂಡಳಿ ಹೊರಬರುವ ನೀರಿನ ಗುಣಮಟ್ಟ ಅಳೆಯುತ್ತದೆ. ಆ ಕೋಣೆಗೆ ಮನುಷ್ಯ ಇಳಿಯುವ ದಾರಿ ಹೇಗಿದೆ, ಗಾಳಿ ಎಲ್ಲಿಂದ ಬರುತ್ತದೆ, ಇಳಿಯದೆಯೇ ಕೆಸರು ತೆಗೆಯಲು ಪೈಪು ತಲುಪುತ್ತದೆಯೇ ಎಂಬುದನ್ನು ನಕ್ಷೆಯ ಹಂತದಲ್ಲೇ ಕೇಳಬಹುದಿತ್ತು.

ಗಾಳಿ-ಬೆಳಕಿನ ಹಳೆಯ ಪ್ರಶ್ನೆ ಮುಗಿದಿದೆ ಎಂದುಕೊಂಡವರು ಮುಂಬಯಿಯ ಗೋವಂಡಿ ಕಡೆ ನೋಡಬೇಕು. ಅಲ್ಲಿನ ಪುನರ್ವಸತಿ ಕಾಲೊನಿಗಳಾದ ಲಲ್ಲೂಭಾಯಿ ಕಾಂಪೌಂಡ್, ನಟವರ್ ಪಾರೇಖ್ ಕಾಂಪೌಂಡ್‌ಗಳಲ್ಲಿ ಕಟ್ಟಡಗಳ ನಡುವೆ ಇರುವುದು ಸುಮಾರು 3 ಮೀಟರ್. ಬಡವರ ಪುನರ್ವಸತಿ ಎಂದು ಅಂತರದ ನಿಯಮ ಸಡಿಲಿಸಿದ್ದರು. ಡಾಕ್ಟರ್ಸ್ ಫಾರ್ ಯು ಸಂಸ್ಥೆ ಮತ್ತು ಐಐಟಿ ಬಾಂಬೆಯವರು 2018ರಲ್ಲಿ ಪ್ರಕಟಿಸಿದ ಅಧ್ಯಯನ, ಹೆಚ್ಚು ಅಂತರವಿರುವ ಹತ್ತಿರದ ಇನ್ನೊಂದು ಕಾಲೊನಿಗಿಂತ ಇಲ್ಲಿ ಕ್ಷಯ ಬಹಳ ಹೆಚ್ಚು, ಅದರಲ್ಲೂ ಗಾಳಿ-ಬೆಳಕು ತಲುಪದ ಕೆಳಮಹಡಿಗಳಲ್ಲಿ ಎಂದು ತೋರಿಸಿತು. ಬೆಳಕಿನ ಕೋನ ಅಳೆದ ಅದೇ ನಗರ, ನೂರು ಚಿಲ್ಲರೆ ವರ್ಷಗಳ ನಂತರ.

ನಮ್ಮ ಅಕ್ರಮ-ಸಕ್ರಮವನ್ನು ಈ ಬೆಳಕಿನಲ್ಲಿ ನೋಡಿದರೆ ಬೇರೆಯದೇ ಕಾಣುತ್ತದೆ. ವಸತಿ ಕಟ್ಟಡದಲ್ಲಿ ಸೆಟ್‌ಬ್ಯಾಕ್, ಅಂದರೆ ಗೋಡೆಯ ಸುತ್ತ ಬಿಡಬೇಕಾದ ಜಾಗದ ಉಲ್ಲಂಘನೆ ಶೇ 50ರವರೆಗೆ ಇದ್ದರೂ ದಂಡ ಕಟ್ಟಿಸಿಕೊಂಡು ಸಕ್ರಮ ಮಾಡುವ ಯೋಜನೆ ಅದು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆಯಾಜ್ಞೆ ಕೊಟ್ಟಿತು. ಇಡೀ ಚರ್ಚೆ ಬೊಕ್ಕಸದ ಆದಾಯ ಮತ್ತು ಮಧ್ಯಮ ವರ್ಗದ ಆತಂಕದ ಸುತ್ತ ನಡೆಯಿತು. ರಾಷ್ಟ್ರೀಯ ಕಟ್ಟಡ ಸಂಹಿತೆ ಒಣ ಸೆಖೆಯ ಊರಿಗೆ ನೆಲದ ಹತ್ತರಲ್ಲಿ ಒಂದು ಪಾಲು, ಕರಾವಳಿಯಂಥ ಜಿಗುಟು ಸೆಖೆಗೆ ಆರರಲ್ಲಿ ಒಂದು ಪಾಲು ಕಿಟಕಿ ಇರಬೇಕೆನ್ನುತ್ತದೆ. ಪಕ್ಕದ ಮನೆಯ ಗೋಡೆ ಕೈಗೆಟುಕುವಷ್ಟು ಹತ್ತಿರವಿದ್ದರೆ ಆ ಕಿಟಕಿ ಲೆಕ್ಕಕ್ಕೆ ಇರುತ್ತದೆ, ಗಾಳಿಗೆ ಇರುವುದಿಲ್ಲ.

30x40 ನಿವೇಶನದ ಬಗ್ಗೆ ಇನ್ನೊಂದು ಲೆಕ್ಕ. ಒಳಚರಂಡಿ ಇಲ್ಲದ ಕಡೆ ಸೆಪ್ಟಿಕ್ ಟ್ಯಾಂಕಿನ ನೀರನ್ನು ಇಂಗಿಸುವ ಗುಂಡಿ ಕುಡಿಯುವ ನೀರಿನ ಮೂಲದಿಂದ 18 ಮೀಟರ್ ದೂರ ಇರಬೇಕೆಂದು ಭಾರತೀಯ ಮಾನಕ 2470 ಹೇಳುತ್ತದೆ. 30x40 ಅಡಿ ನಿವೇಶನದ ಮೂಲೆಯಿಂದ ಎದುರು ಮೂಲೆಗೆ ಸರಿಯಾಗಿ 50 ಅಡಿ, ಅಂದರೆ 15.24 ಮೀಟರ್. ಬೋರ್‌ವೆಲ್ಲನ್ನು ಒಂದು ಮೂಲೆಯಲ್ಲಿ, ಪಿಟ್ಟನ್ನು ಎದುರು ಮೂಲೆಯಲ್ಲಿ ತೋಡಿದರೂ ನಿಯಮ ಪಾಲಿಸಲು ಜಾಗವೇ ಇಲ್ಲ. ಪಕ್ಕದವರ ಪಿಟ್ಟು ಇನ್ನೂ ಹತ್ತಿರ. ಆದರೂ ಇಂಥ ಸಾವಿರಾರು ನಿವೇಶನಗಳ ಬಡಾವಣೆಗಳಿಗೆ ಮಂಜೂರಾತಿ ಕೊಟ್ಟಿದ್ದೇವೆ. 2007ರಲ್ಲಿ ಬೆಂಗಳೂರು ಪಾಲಿಕೆಗೆ ಸೇರಿದ 110 ಹಳ್ಳಿಗಳ ಕಡೆಗೆ ಕಾವೇರಿ ಐದನೇ ಹಂತದ ನೀರು ಹೊರಟಿದ್ದು 2024ರ ಅಕ್ಟೋಬರ್‌ನಲ್ಲಿ. ನಡುವಿನ ಹದಿನೇಳು ವರ್ಷ ಅಲ್ಲಿ ಬಹಳ ಮನೆಗಳು ಬೋರ್‌ವೆಲ್ ಮತ್ತು ಟ್ಯಾಂಕರನ್ನೇ ನಂಬಿದ್ದವು. ಸಮಸ್ಯೆ ಮನೆ ಕಟ್ಟಿದವರದ್ದಲ್ಲ. ಬಡಾವಣೆಗೆ ಒಪ್ಪಿಗೆ ಕೊಡುವಾಗಲೇ ಒಳಚರಂಡಿ ಬರುವವರೆಗೆ ಈ ಅಳತೆಯಲ್ಲಿ ನೀರಿನ ಮೂಲ ಮತ್ತು ಪಿಟ್ಟು ಒಟ್ಟಿಗೆ ಇರಲಾರವು ಎಂದು ಯಾರಾದರೂ ಲೆಕ್ಕ ಹಾಕಬೇಕಿತ್ತು.

ಕಟ್ಟಡ ತ್ಯಾಜ್ಯದ್ದೂ ಇದೇ ಹಣೆಬರಹ. 2016ರ ನಿಯಮಗಳು ದಿನಕ್ಕೆ 20 ಟನ್ ಅಥವಾ ತಿಂಗಳಿಗೆ 300 ಟನ್ ದಾಟಿದವರಿಂದ ಮಾತ್ರ ವಿಲೇವಾರಿ ಯೋಜನೆ ಕೇಳಿದವು. 2026ರ ಏಪ್ರಿಲ್ 1ರಿಂದ ಜಾರಿಯೆಂದು ಹೊರಡಿಸಿದ ಹೊಸ ನಿಯಮಗಳು 20,000 ಚದರ ಮೀಟರಿಗೆ ಮೀರಿದ ಯೋಜನೆಗಳ ಮೇಲೆ ಹೊಣೆ ಹೊರಿಸುತ್ತವೆ. ಹಳೆ ಮನೆ ಕೆಡವಿದ ಒಂದು ಟ್ರ್ಯಾಕ್ಟರ್ ಇಟ್ಟಿಗೆಚೂರು ಎಲ್ಲಿಗೆ ಹೋಗುತ್ತದೆ ಎಂಬುದನ್ನು ತಿಳಿಯಲು ಹತ್ತಿರದ ಕೆರೆಯಂಗಳಕ್ಕೆ ಹೋದರೆ ಸಾಕು.

ಸಿಂಗಪುರದಲ್ಲಿ ಒಂದು ಪದ್ಧತಿ ಇದೆ. ಗುತ್ತಿಗೆ ಮೊತ್ತ ಒಂದು ಕೋಟಿ ಸಿಂಗಪುರ ಡಾಲರ್ ದಾಟಿದ ನಿವೇಶನದಲ್ಲಿ ಪರಿಸರ ನಿಯಂತ್ರಣಾಧಿಕಾರಿ ಒಬ್ಬರನ್ನು ಅರೆಕಾಲಿಕವಾಗಿ, ಐದು ಕೋಟಿ ದಾಟಿದರೆ ಪೂರ್ಣಾವಧಿಗೆ ನೇಮಿಸಿಕೊಳ್ಳಲೇಬೇಕು. ಸೊಳ್ಳೆ, ಕಕ್ಕಸು, ಕುಡಿಯುವ ನೀರು, ಶಬ್ದ, ಇಲಿ ಎಲ್ಲಕ್ಕೂ ಅವರು ಕಣ್ಣು. ಲಾರ್ವಾ ಸಿಕ್ಕರೆ ಸರ್ಕಾರ ಕೆಲಸವನ್ನೇ ನಿಲ್ಲಿಸಬಲ್ಲದು. ಬಿಲ್ಡರಿಗೆ ಒಂದು ದಿನದ ಕೆಲಸ ನಿಂತರೆ ಆಗುವ ನಷ್ಟದ ಮುಂದೆ ದಂಡ ಯಾವ ಲೆಕ್ಕ. ಸಿಂಗಪುರದ ಶಿಸ್ತು ನಮಗೆ ಬರುವುದಿಲ್ಲ ಎನ್ನುವವರಿದ್ದಾರೆ. ಶಿಸ್ತಿನ ಮಾತು ಬಿಡಿ, ಅಲ್ಲಿ ಹೆಸರಿಟ್ಟು ಕೇಳಬಹುದಾದ ಒಬ್ಬರು ಇದ್ದಾರೆ.

ಇಲ್ಲಿ ಗಾಳಿ ಎದುರು ದಿಕ್ಕಿಗೆ ಬೀಸುತ್ತಿದೆ. 2024ರಲ್ಲಿ ಬಂದ ‘ನಂಬಿಕೆ ನಕ್ಷೆ’ಯಲ್ಲಿ 50x80 ಅಡಿವರೆಗಿನ ನಿವೇಶನಕ್ಕೆ ನೋಂದಾಯಿತ ಎಂಜಿನಿಯರ್ ಅಥವಾ ವಾಸ್ತುಶಿಲ್ಪಿ ಪ್ರಮಾಣೀಕರಿಸಿದರೆ ಆನ್‌ಲೈನಿನಲ್ಲೇ ತಾತ್ಕಾಲಿಕ ನಕ್ಷೆ ಸಿಗುತ್ತದೆ. ಕಚೇರಿ ಅಲೆದಾಟ ತಪ್ಪಿಸಿದ್ದಕ್ಕೆ ಯಾರೂ ಬೇಸರ ಪಡಬೇಕಿಲ್ಲ, ನಾನಂತೂ ಪಡುವುದಿಲ್ಲ. ಅದೇ ವರ್ಷದ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಸ್ವಾಧೀನ ಪ್ರಮಾಣಪತ್ರ ಅಂದರೆ ಓಸಿ ಇಲ್ಲದ ಕಟ್ಟಡಗಳಿಗೆ ನೀರು, ವಿದ್ಯುತ್ ಸಂಪರ್ಕ ಕೊಡಬಾರದೆಂದು ಆದೇಶಿಸಿತು. ಕರ್ನಾಟಕದಲ್ಲಿ ಲಕ್ಷಗಟ್ಟಲೆ ಮನೆಯವರು ಕತ್ತಲಲ್ಲಿ ಕೂರುವ ಪರಿಸ್ಥಿತಿ ಬಂದಾಗ, 1,200 ಚದರ ಅಡಿವರೆಗಿನ ನಿವೇಶನದ ಮನೆಗಳಿಗೆ ಓಸಿಯಿಂದ ವಿನಾಯಿತಿ ಕೊಡಲು 2025ರಲ್ಲಿ ಸರ್ಕಾರ ನಿರ್ಧರಿಸಿತು. ರಾಜಕೀಯವಾಗಿ ಬೇರೆ ದಾರಿ ಇರಲಿಲ್ಲವೇನೋ. ಆದರೆ ಎರಡನ್ನೂ ಜೋಡಿಸಿ ನೋಡಿ: ಶುರುವಿನಲ್ಲಿ ಸ್ವಯಂ ಪ್ರಮಾಣ, ಕೊನೆಯಲ್ಲಿ ವಿನಾಯಿತಿ. ನಗರದ ಅತಿ ಸಾಮಾನ್ಯ ಅಳತೆಯ ಮನೆಯೊಳಗೆ ಇನ್ನು ಸರ್ಕಾರದ ಪರವಾಗಿ ಯಾರೂ ಕಾಲಿಡುವ ಅಗತ್ಯವೇ ಬೀಳದು.

ಒಬ್ಬರು ಮಾತ್ರ ಬಂದೇ ಬರುತ್ತಾರೆ. ನೀರಿನ ಮತ್ತು ಒಳಚರಂಡಿ ಸಂಪರ್ಕ ಕೊಡಲು ಜಲಮಂಡಳಿಯವರು ನಿವೇಶನ ನೋಡಲೇಬೇಕು. ಸಂಪಿಗೂ ಒಳಚರಂಡಿ ಚೇಂಬರಿಗೂ ಎಷ್ಟು ಅಂತರ, ಸಂಪಿನ ಬಾಯಿ ರಸ್ತೆ ಮಟ್ಟಕ್ಕಿಂತ ಎತ್ತರವೇ, ತಾರಸಿ ಟ್ಯಾಂಕಿಗೆ ಸೊಳ್ಳೆ ನುಗ್ಗದ ಮುಚ್ಚಳ ಇದೆಯೇ, ಹಳೆಯ ಪಿಟ್ಟನ್ನು ಮುಚ್ಚಿದ್ದಾರೆಯೇ: ಈ ನಾಲ್ಕನ್ನು ನೋಡಲು ಕಾಲು ಗಂಟೆ ಬೇಕಾಗದು. 2009ರಲ್ಲಿ ಕಾಯ್ದೆ ತಿದ್ದಿ ಮಳೆನೀರು ಕೊಯ್ಲನ್ನು ಕಡ್ಡಾಯ ಮಾಡಿದಾಗ ಅದನ್ನು ಜಾರಿ ಮಾಡಿದ ಮಂಡಳಿಯೇ ಅದು. ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳು ಈಗಷ್ಟೇ ತಮ್ಮ ಕಚೇರಿ, ನಮೂನೆ, ಸಿಬ್ಬಂದಿಯನ್ನು ಹೊಂದಿಸಿಕೊಳ್ಳುತ್ತಿವೆ. ಸಂಪರ್ಕದ ಅರ್ಜಿಗೆ ಈ ನಾಲ್ಕು ಸಾಲು ಸೇರಿಸಿ, ಕೆಳಗೆ ವಾರ್ಡಿನ ಆರೋಗ್ಯ ನಿರೀಕ್ಷಕರ ಸಹಿಗೆ ಜಾಗ ಬಿಡಲು ವಿಧಾನಸಭೆ ಸೇರಬೇಕಿಲ್ಲ.